ಹಲ್ಲಿಲ್ಲದ ಗೇರಿಗೆ ಕೆಲಸ ಎಲ್ಲಿ?

ಅನೇಕ ಮನೆಗಳ ನೀರಿನ ಮೀಟರಿನೊಳಗೆ ಒಂದು ಪುಟ್ಟ ಚಮತ್ಕಾರವಿರುತ್ತದೆ. ನೀರು ತಿರುಗಿಸುವ ಚಕ್ರ ಒದ್ದೆ ಕೋಣೆಯಲ್ಲಿ, ಅಂಕಿ ತೋರಿಸುವ ಗಾಲಿಗಳು ಒಣ ಕೋಣೆಯಲ್ಲಿ. ನಡುವಿನ ಗೋಡೆಗೆ ಒಂದು ರಂಧ್ರವೂ ಇಲ್ಲ. ಆದರೂ ಚಕ್ರ ತಿರುಗಿದಂತೆ ಅಂಕಿ ಓಡುತ್ತದೆ. ಗೋಡೆಯ ಆಚೆಗೊಂದು, ಈಚೆಗೊಂದು ಆಯಸ್ಕಾಂತ ಕೂತಿರುವುದೇ ಇದರ ಗುಟ್ಟು. ಬಿಲ್ಲು ಉಳಿಸಲು ಮೀಟರಿನ ಮೇಲೆ ಆಯಸ್ಕಾಂತ ಇಟ್ಟು ನೋಡುವ ಚಾಲಾಕಿಗಳಿಗೂ ಇದು ಗೊತ್ತು.

ಮೀಟರಿನಲ್ಲಿ ಎರಡೂ ಆಯಸ್ಕಾಂತಗಳದ್ದು ಒಂದೇ ವೇಗ. ಒಂದು ಕಡೆ ಐದಾರು ಸುತ್ತು ಬಂದರೆ ಇನ್ನೊಂದು ಕಡೆ ಒಂದೇ ಸುತ್ತು, ಅದೂ ಮುಟ್ಟದೆ, ಬರುವಂತೆ ಮಾಡಬಹುದೇ? ಮಾಡಬಹುದು. ಅದಕ್ಕೆ ಕಾಂತೀಯ ಗೇರು ಎಂದು ಹೆಸರು. ಉಕ್ಕಿನ ಹಲ್ಲುಚಕ್ರಗಳ ಕಾಲ ಮುಗಿಯಿತು ಎಂಬ ಉತ್ಸಾಹದ ಮಾತು ಇದರ ಬೆನ್ನಿಗೇ ಬರುತ್ತದೆ. ನನಗೆ ಈ ಗೇರಿನಲ್ಲಿ ನಂಬಿಕೆಯಿದೆ, ಆ ಮಾತಿನಲ್ಲಿಲ್ಲ.

ಕಲ್ಪನೆ ಹಳೆಯದು. 1901ರಲ್ಲೇ ಅಮೆರಿಕದಲ್ಲಿ ಇಂಥದ್ದೊಂದಕ್ಕೆ ಪೇಟೆಂಟ್ ಸಿಕ್ಕಿತ್ತು. ಆದರೆ ಮೊದಮೊದಲ ವಿನ್ಯಾಸಗಳು ಹಲ್ಲುಚಕ್ರದ ನಕಲಿನಂತಿದ್ದವು. ಪಕ್ಕಪಕ್ಕದ ಎರಡು ಗಾಲಿಗಳಲ್ಲಿ ಎದುರುಬದುರಾದ ಒಂದೆರಡು ಆಯಸ್ಕಾಂತಗಳು ಮಾತ್ರ ದುಡಿಯುತ್ತಿದ್ದವು, ಉಳಿದವು ಸುಮ್ಮನೆ ಸುತ್ತುತ್ತಿದ್ದವು. ಒಂದರೊಳಗೊಂದು ಉಂಗುರವಿಟ್ಟು ಎಲ್ಲವನ್ನೂ ಒಟ್ಟಿಗೆ ದುಡಿಸುವ ಉಪಾಯಕ್ಕೂ 1968ರ ಹೊತ್ತಿಗೆ ಪೇಟೆಂಟ್ ಆಗಿತ್ತು. ಕೊರತೆಯಿದ್ದದ್ದು ಗಟ್ಟಿ ಆಯಸ್ಕಾಂತದ್ದು. 1980ರ ದಶಕದಲ್ಲಿ ಜಪಾನಿನ ಮಸಾಟೊ ಸಗಾವ ಮತ್ತು ಅಮೆರಿಕದ ಜಾನ್ ಕ್ರೋಟ್ ಬೇರೆ ಬೇರೆಯಾಗಿ ನಿಯೋಡಿಮಿಯಂ ಆಯಸ್ಕಾಂತ ತಯಾರಿಸಿ ಆ ಕೊರತೆ ನೀಗಿಸಿದರು. 2001ರಲ್ಲಿ ಬ್ರಿಟನ್ನಿನ ಶೆಫೀಲ್ಡ್ ವಿಶ್ವವಿದ್ಯಾಲಯದ ಕೈಸ್ ಅತಲ್ಲಾ ಮತ್ತು ಡೇವಿಡ್ ಹೋವ್ ಪ್ರಕಟಿಸಿದ ಪ್ರಬಂಧ, ಇಂಥ ಗೇರು ಘನ ಮೀಟರಿಗೆ 100 ಕಿಲೋನ್ಯೂಟನ್ ಮೀಟರಿಗೂ ಹೆಚ್ಚು ಟಾರ್ಕ್, ಅಂದರೆ ತಿರುಗಿಸುವ ಬಲ, ಹೊರಬಲ್ಲದು ಎಂದು ತೋರಿಸಿತು. ಉಕ್ಕಿನ ಗೇರಿಗೆ ಹೆಗಲೆಣೆಯಾಗುವ ಅಂಕಿ ಅದು.

ಒಳಗಿನ ಕೆಲಸ ಸ್ವಾರಸ್ಯಕರ. ಒಳ ಉಂಗುರದಲ್ಲಿ 4 ಜೋಡಿ ಧ್ರುವ, ಹೊರ ಉಂಗುರದಲ್ಲಿ 22 ಜೋಡಿ, ನಡುವೆ 26 ಕಬ್ಬಿಣದ ತುಂಡುಗಳ ಸಾಲು ಇದೆ ಎನ್ನಿ. ಸೊಳ್ಳೆಪರದೆಯನ್ನು ಎರಡು ಪದರ ಮಾಡಿ ಬೆಳಕಿಗೆ ಹಿಡಿದಾಗ, ಸಣ್ಣ ಕಣ್ಣುಗಳ ನಡುವೆ ಎಲ್ಲಿಂದಲೋ ದೊಡ್ಡ ಅಲೆ ಮೂಡುತ್ತದೆ. ಒಂದು ಪದರವನ್ನು ಕೂದಲೆಳೆಯಷ್ಟು ಸರಿಸಿದರೆ ಅಲೆ ಮಾರುದೂರ ಓಡುತ್ತದೆ. ಇಲ್ಲೂ ಹಾಗೆಯೇ. 26 ತುಂಡುಗಳ ಸಾಲು, 22 ಜೋಡಿಗಳ ಸಾಲು ಒಂದರ ಮೇಲೊಂದು ಕೂತಾಗ ಮೂಡುವ ಕಾಂತದ ಅಲೆ ನಾಲ್ಕು. ಒಳ ಉಂಗುರದಲ್ಲಿರುವುದೂ ನಾಲ್ಕೇ ಜೋಡಿ, ಹಾಗಾಗಿ ಅದು ಆ ಅಲೆಗೆ ಕಚ್ಚಿಕೊಳ್ಳುತ್ತದೆ. ಕಬ್ಬಿಣವನ್ನು ಅಲುಗದಂತೆ ಹಿಡಿದರೆ, ಒಳಗಿನದು ಹನ್ನೊಂದು ಸುತ್ತು ಬರುವಷ್ಟರಲ್ಲಿ ಹೊರಗಿನದು ಎದುರು ದಿಕ್ಕಿನಲ್ಲಿ ಎರಡು ಸುತ್ತು ಬರುತ್ತದೆ. ಹೊರಗಿನದನ್ನು ಹಿಡಿದು ಕಬ್ಬಿಣವನ್ನು ತಿರುಗಬಿಟ್ಟರೆ ಅನುಪಾತ ಆರೂವರೆ. ಹೊರ ಉಂಗುರದ ಬೆನ್ನಿಗೆ ತಾಮ್ರದ ಸುರುಳಿಗಳನ್ನು ಸುತ್ತಿ, ಒಳ ಉಂಗುರವನ್ನು ವಿದ್ಯುತ್ತಿನಿಂದ ಓಡಿಸಿದರೆ ಮೋಟಾರು ಗೇರು ಎರಡೂ ಒಂದೇ ಡಬ್ಬಿಯಲ್ಲಿ. ಶೆಫೀಲ್ಡ್‌ನಿಂದಲೇ ಹೊರಬಂದ ಮ್ಯಾಗ್ನೊಮ್ಯಾಟಿಕ್ಸ್ ಕಂಪನಿ ಮಾಡಿದ್ದು ಇದನ್ನೇ.

ಸವೆತ, ಗ್ರೀಸು, ಗಲಾಟೆ ಇಲ್ಲ. ಬೇರಿಂಗಿನ ಎಣ್ಣೆ ಬಿಟ್ಟರೆ ಬೇರೆ ಉಪಚಾರ ಬೇಡ. ಅಳತೆ ಮೀರಿ ಭಾರ ಬಿದ್ದರೆ ಹಲ್ಲು ಮುರಿಯುವ ಬದಲು ಗೇರು ಜಾರುತ್ತದೆ, ಭಾರ ಇಳಿದ ಮೇಲೆ ಮತ್ತೆ ಹಿಡಿಯುತ್ತದೆ. ಗಾಳಿಯಂತ್ರಕ್ಕೆ ಈ ಗುಣ ವರ. ಚಿತ್ರದುರ್ಗದ ಗುಡ್ಡದ ಮೇಲಿನ ಯಂತ್ರದ ಗೇರ್‌ಬಾಕ್ಸ್ ಕೆಟ್ಟರೆ ಕ್ರೇನ್ ಹತ್ತಿಸಬೇಕು, ಸಮುದ್ರದ ನಡುವೆ ಕೆಟ್ಟರೆ ಹಡಗೇ ಬೇಕು. ಅದೇ ಗುಣ ಲಿಫ್ಟಿನಲ್ಲೋ ಕ್ರೇನಿನಲ್ಲೋ ಇದ್ದರೆ? ಜಾರಿದ ಗೇರಿನ ಕೆಳಗೆ ನಿಲ್ಲಲು ನಾನಂತೂ ಸಿದ್ಧನಿಲ್ಲ.

ಉತ್ಸಾಹಿಗಳು ಹಗುರವಾಗಿ ದಾಟಿಹೋಗುವ ಇನ್ನೊಂದು ಮಾತಿದೆ. ಹಲ್ಲುಗಳ ಹಿಡಿತ ಗಟ್ಟಿ, ಕಾಂತದ ಹಿಡಿತ ಸ್ಪ್ರಿಂಗಿನದು. ಥಟ್ಟನೆ ನಿಲ್ಲಬೇಕಾದ ರೋಬೊ ತೋಳು ಒಮ್ಮೆ ತೂಗಾಡಿ ನಿಲ್ಲುತ್ತದೆ. ಎರಡು ಉಂಗುರಗಳ ಎಳೆತಕ್ಕೆ ಸಿಕ್ಕ ಕಬ್ಬಿಣದ ತುಂಡುಗಳನ್ನು, ಎರಡೂ ಬದಿಯ ಕಿರಿದಾದ ಗಾಳಿಯ ಸಂದಿಗೆ ಭಂಗ ಬಾರದಂತೆ, ಕಾಂತವಲ್ಲದ ವಸ್ತುವಿನಿಂದ ಕಟ್ಟಿ ನಿಲ್ಲಿಸುವುದು ಕಮ್ಮಾರಿಕೆಯೂ ಹೌದು, ಅಕ್ಕಸಾಲಿಕೆಯೂ ಹೌದು. ಇಷ್ಟೆಲ್ಲ ಮಾಡಿ ಎದುರಿಸಬೇಕಾದದ್ದು ಯಾರನ್ನು? ಒಂದು ಹಂತದಲ್ಲಿ ನೂರಕ್ಕೆ ಒಂದೆರಡು ಪಾಲಷ್ಟೇ ಶಕ್ತಿ ಕಳೆಯುವ, ಯಾವ ಕೈಗಾರಿಕಾ ಪ್ರದೇಶದಲ್ಲೂ ಕೊರೆದುಕೊಡುವ ಉಕ್ಕಿನ ಗೇರನ್ನು.

ಇನ್ನು ಆಯಸ್ಕಾಂತದ ಲೆಕ್ಕ. ಈ ಗೇರು ಆಯಸ್ಕಾಂತವನ್ನು ಎರಡು ಉಂಗುರದ ತುಂಬ ನುಂಗುತ್ತದೆ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ 80 ಡಿಗ್ರಿ ಸೆಲ್ಸಿಯಸ್ ದಾಟಿದರೆ ಸೊರಗತೊಡಗುತ್ತದೆ. ಶಾಖ ತಡೆಯಲು ಡಿಸ್ಪ್ರೋಸಿಯಂ, ಟರ್ಬಿಯಂ ಬೆರೆಸಬೇಕು. 2025ರ ಏಪ್ರಿಲ್‌ನಲ್ಲಿ ಚೀನಾ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ ಏಳು ವಿರಳ ಭೂಧಾತುಗಳಲ್ಲಿ ಇವೆರಡೂ ಇದ್ದವು, ಇವು ಬೆರೆತ ಆಯಸ್ಕಾಂತಗಳೂ ಇದ್ದವು. ನಮ್ಮ ವಿದ್ಯುತ್ ಸ್ಕೂಟರ್ ತಯಾರಕರು ಆಗ ಪಟ್ಟ ಪಾಡು ಇನ್ನೂ ಹಸಿ. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ, ವರ್ಷಕ್ಕೆ 6,000 ಟನ್ ಆಯಸ್ಕಾಂತ ತಯಾರಿಸುವ ಸಾಮರ್ಥ್ಯ ಕಟ್ಟಲು 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಒಳ್ಳೆಯದೇ. ಆದರೆ ಆಯಸ್ಕಾಂತ ಮಾಡಿಟ್ಟ ಮಾತ್ರಕ್ಕೆ ಅದನ್ನು ದುಡಿಸುವ ವಿನ್ಯಾಸಕಾರರು ಹುಟ್ಟಿಬರುವುದಿಲ್ಲ. ಆ ಯೋಜನೆಯ ಜೊತೆಜೊತೆಗೇ ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಾಲಯಗಳಲ್ಲಿ ಇಂಥ ಗೇರುಗಳು ಕೈಗೆ ಸಿಗುವಂತಾಗಬೇಕು.

ಕಾರು, ಸ್ಕೂಟರುಗಳಲ್ಲಿ ಉಕ್ಕಿನ ಹಲ್ಲೇ ಉಳಿಯುತ್ತದೆ, ಉಳಿಯಲಿ. ವಿಷದ್ರವ ಹೊರಗೆ ತೊಟ್ಟಿಕ್ಕಬಾರದ ರಸಾಯನ ಕಾರ್ಖಾನೆಯ ಪಂಪು, ಸಮುದ್ರದ ಗಾಳಿಯಂತ್ರ, ಸದ್ದಿಲ್ಲದೆ ಸಾಗಬೇಕಾದ ಹಡಗು, ನಾಸಾದ ಗ್ಲೆನ್ ಕೇಂದ್ರ ಪ್ರಯೋಗ ನಡೆಸಿರುವ ವಿದ್ಯುತ್ ವಿಮಾನ: ಹಲ್ಲಿಲ್ಲದ ಗೇರಿಗೆ ಕೆಲಸ ಇರುವುದು ಅಲ್ಲಿ.