ಮೈಕು ಯಾರ ಜವಾಬ್ದಾರಿ?

ಕಳೆದ ಮಳೆಗಾಲದ ಅಭ್ಯಾಸ ಬೋಧನೆಯಲ್ಲಿ ನಡೆದ ಒಂದು ಸಂಗತಿಯಿಂದ ಆರಂಭಿಸುತ್ತೇನೆ. ಪ್ರಶಿಕ್ಷಣಾರ್ಥಿಯೊಬ್ಬರು ಮೂರನೆಯ ತರಗತಿಗೆ ಸ ಮತ್ತು ಶ ಅಕ್ಷರಗಳ ಉಚ್ಚಾರಣೆ ಕುರಿತು ಐದು ನಿಮಿಷದ ಧ್ವನಿಪಾಠವನ್ನು ನಮ್ಮ ಕಾಲೇಜಿನ ಧ್ವನಿಮುದ್ರಣ ಕೊಠಡಿಯಲ್ಲಿ ಸಿದ್ಧಪಡಿಸಿದ್ದರು. ಪಾಠಯೋಜನೆ ಅಚ್ಚುಕಟ್ಟಾಗಿತ್ತು, ಅವರ ಉಚ್ಚಾರಣೆಯೂ ಶುದ್ಧವಾಗಿತ್ತು. ಆದರೆ ಧ್ವನಿಪಾಠ ಕೇಳಿಸಿ ಉಕ್ತಲೇಖನ ಬರೆಸಿದಾಗ ಹಲವು ಮಕ್ಕಳು ‘ಸಾಲು’ ಎಂಬಲ್ಲಿ ‘ಶಾಲು’ ಎಂದು ಬರೆದರು. ವೀಕ್ಷಣಾ ಟಿಪ್ಪಣಿಯಲ್ಲಿ ನಾನು ‘ಮಕ್ಕಳಿಗೆ ಆಲಿಸುವ ಅಭ್ಯಾಸ ಸಾಲದು’ ಎಂದು ಬರೆದೆ.

ಆಮೇಲೆ ಅನುಮಾನ ಬಂತು. ನಮ್ಮ ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪು ಇದಕ್ಕೆ ತಿರುಗುಮುರುಗು. ಶ ಇರುವಲ್ಲಿ ಸ ಬರೆಯುತ್ತಾರೆ. ಸಂಜೆ ಮೈಕನ್ನು ಬಿಚ್ಚಿ ನೋಡಿದೆ. ಅದರ ಸ್ಪಂಜಿನ ಟೋಪಿ ಹಳೆಯದಾಗಿ ಪುಡಿಪುಡಿಯಾಗಿ ಜಾಲರಿಗೆ ಅಂಟಿಕೊಂಡಿತ್ತು. ಅದರ ಮೇಲೆ ಸೀಮೆಸುಣ್ಣದ ಧೂಳು ಕೂತು, ಮಳೆಗಾಲದ ತೇವಕ್ಕೆ ಹೆಪ್ಪುಗಟ್ಟಿತ್ತು. ಸ ಕಾರದ ಸಿಳ್ಳು ಶ ಕಾರದ ಸದ್ದಿಗಿಂತ ಹೆಚ್ಚಿನ ಆವರ್ತನದ್ದು. ಮುಚ್ಚಿಹೋದ ಜಾಲರಿ ಮೊದಲು ನುಂಗುವುದು ಅದನ್ನೇ. ಜಾಲರಿ ತೊಳೆದು ಒಣಗಿಸಿ ಮತ್ತೆ ಮುದ್ರಿಸಿದಾಗ ಎರಡೂ ಅಕ್ಷರಗಳು ಸ್ಪಷ್ಟವಾಗಿ ಬೇರೆಯಾಗಿ ಕೇಳಿದವು. ನಾನು ಟಿಪ್ಪಣಿಯ ಆ ವಾಕ್ಯವನ್ನು ಹೊಡೆದುಹಾಕಿದೆ. ತಪ್ಪು ಮಕ್ಕಳ ಕಿವಿಯದಲ್ಲ, ಪ್ರಶಿಕ್ಷಣಾರ್ಥಿಯದೂ ಅಲ್ಲ, ನಮ್ಮದು.

ಹಾಗೆಂದು ಆ ಮೈಕನ್ನು ನಾವು ಬೇಕಾಬಿಟ್ಟಿ ಎಸೆದಿರಲಿಲ್ಲ. ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿ, ಪಕ್ಕದಲ್ಲಿ ನುಸಿಗುಳಿಗೆ ಇಟ್ಟು, ದಾಸ್ತಾನು ವಹಿಯಲ್ಲಿ ನಮೂದಿಸಿ ‘ಭದ್ರವಾಗಿ’ ಇಟ್ಟಿದ್ದೆವು. ನನ್ನ ತಕರಾರು ಇರುವುದು ಈ ‘ಭದ್ರ’ದ ಬಗ್ಗೆಯೇ. ಮೈಕು ಕೆಡುವುದು ಹೆಚ್ಚಾಗಿ ಮುದ್ರಣದ ಹೊತ್ತಿನಲ್ಲಲ್ಲ, ಒಂದು ಮುದ್ರಣಕ್ಕೂ ಇನ್ನೊಂದಕ್ಕೂ ನಡುವಿನ ಬಿಡುವಿನಲ್ಲಿ. ಆ ಬಿಡುವಿನಲ್ಲಿ ಅದನ್ನು ನೋಡಿಕೊಳ್ಳುವ ಕೆಲಸ ಬೀಗದ ಕೈ ಇಟ್ಟುಕೊಂಡವರಿಗಿಂತ ಮೈಕನ್ನು ಬಳಸುವ ಪ್ರಶಿಕ್ಷಣಾರ್ಥಿಗಳಿಗೆ ಸೇರಬೇಕು. ಅದು ಅಭ್ಯಾಸ ಬೋಧನೆಯ ಭಾಗವೇ ಆಗಬೇಕು.

ನಮ್ಮ ಕಾಲೇಜುಗಳಲ್ಲಿ ಸಾಮಾನ್ಯವಾಗಿ ಎರಡು ಬಗೆಯ ಮೈಕುಗಳಿರುತ್ತವೆ. ಸಮಾರಂಭಗಳಲ್ಲಿ ಕೈಯಲ್ಲಿ ಹಿಡಿದು ಮಾತಾಡುವ ಡೈನಮಿಕ್ ಮೈಕು ಗಟ್ಟಿಮುಟ್ಟಾದದ್ದು. ಹಲವು ಮಾದರಿಗಳಲ್ಲಿ ಅದರ ಜಾಲರಿಯನ್ನು ತಿರುಗಿಸಿ ತೆಗೆದು, ಸೌಮ್ಯ ಸಾಬೂನು ನೀರಿನಲ್ಲಿ ಮೃದುವಾದ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದು, ಪೂರ್ತಿ ಒಣಗಿದ ಮೇಲೆ ಮತ್ತೆ ಕೂರಿಸಬಹುದು. ಮೈಕಿನ ಒಡಲಿಗೆ ಮಾತ್ರ ನೀರು ತಾಗಬಾರದು. ಒಳಗೆ ಆಯಸ್ಕಾಂತ ಇರುವುದರಿಂದ ಮೊಳೆ, ಕಬ್ಬಿಣದ ಚೂರು ಇರುವ ಡ್ರಾಯರಿನಲ್ಲಿ ಅದನ್ನು ಇಡಬಾರದು.

ಸ್ಟುಡಿಯೋ ಮುದ್ರಣಕ್ಕೆ ಬಳಸುವ ಕಂಡೆನ್ಸರ್ ಮೈಕು ನಾಜೂಕಿನದು. ಅದರ ಪೊರೆ ಕೆಲವೇ ಮೈಕ್ರಾನ್ ದಪ್ಪದ ಪ್ಲಾಸ್ಟಿಕ್ ಹಾಳೆ. ಬಹುತೇಕ ಮೈಕುಗಳಲ್ಲಿ ಅದಕ್ಕೆ ಚಿನ್ನದ ತೆಳು ಲೇಪ ಇರುತ್ತದೆ. ವಿದ್ಯುದಾವೇಶ ಇರುವಾಗ ಆ ಪೊರೆ ಧೂಳನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ತೇವ ಸೇರಿದರೆ ಚಟಪಟ ಸದ್ದು ಬರುತ್ತದೆ, ಧ್ವನಿ ಕುಗ್ಗುತ್ತದೆ. ಇದನ್ನು ಒರೆಸುವುದಾಗಲಿ, ‘ಹಲೋ, ಹಲೋ’ ಎಂದು ಊದಿ ತಟ್ಟಿ ಪರೀಕ್ಷಿಸುವುದಾಗಲಿ ಕೂಡದು. ಇದರ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ತನ್ನು ಆರಿಸಿ, ಸ್ವಲ್ಪ ಹೊತ್ತು ಬಿಟ್ಟು ಆಮೇಲೆ ವೈರು ತೆಗೆಯಬೇಕು. ಧ್ವನಿಮುದ್ರಣ ಕೊಠಡಿಯಲ್ಲಿ ಪೂಜೆಯ ಊದುಬತ್ತಿ, ಸೊಳ್ಳೆಬತ್ತಿ ಹಚ್ಚುವುದನ್ನೂ ನಿಲ್ಲಿಸಬೇಕು; ಆ ಹೊಗೆಯ ಜಿಡ್ಡು ಪೊರೆಯ ಮೇಲೆ ಕೂರುತ್ತದೆ.

ಇಡುವ ಕ್ರಮ ಕಷ್ಟದ್ದೇನಲ್ಲ. ಹಪ್ಪಳ ಸಂಡಿಗೆಯನ್ನು ಮಳೆಗಾಲದಲ್ಲಿ ಕಾಪಾಡುವುದು ಗೊತ್ತಿರುವ ನಾಡಿಗೆ ಇದು ಹೊಸ ವಿದ್ಯೆಯಲ್ಲ. ರಬ್ಬರ್ ಅಂಚಿನ, ಗಾಳಿಯಾಡದ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಇಪ್ಪತ್ತು ರೂಪಾಯಿಯ ಪೆನ್ನಿನಲ್ಲಿ ಬರೆದ ಒಂದು ಚೀಟಿ, ಇಷ್ಟು ಸಾಕು. ನುಸಿಗುಳಿಗೆ ಬೇಡ, ಅದು ತೇವ ಹೀರುವುದಿಲ್ಲ. ಅಕ್ಕಿಯೂ ಬೇಡ, ಅದರ ಹಿಟ್ಟು ಧೂಳಾಗಿ ಜಾಲರಿ ಸೇರುತ್ತದೆ. ಬಣ್ಣ ಬದಲಿಸುವ ಜೆಲ್ ತಂದರೆ ಕಣ್ಣಿಗೇ ಗೊತ್ತಾಗುತ್ತದೆ: ಕಿತ್ತಳೆ ಬಣ್ಣದ್ದು ತೇವ ಹೀರಿದಂತೆ ಹಸಿರಾಗುತ್ತದೆ. ನೀಲಿಯದು ಗುಲಾಬಿಯಾಗುತ್ತದೆ, ಆದರೆ ಅದರಲ್ಲಿರುವ ಕೋಬಾಲ್ಟ್ ಲವಣ ವಿಷಕಾರಿ, ಆದ್ದರಿಂದ ಕಿತ್ತಳೆಯದೇ ಲೇಸು. ಬಣ್ಣ ತಿರುಗಿದ ಜೆಲ್ಲನ್ನು ವಿಜ್ಞಾನ ಪ್ರಯೋಗಾಲಯದ ಓವನ್ನಿನಲ್ಲಿ ಸುಮಾರು 110 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಮತ್ತೆ ಬಳಸಬಹುದು. ಮುದ್ರಣ ಮುಗಿದ ಕೂಡಲೇ ಉಸಿರಿನ ತೇವ ಇರುವ ಮೈಕನ್ನು ಡಬ್ಬಿಗೆ ತುರುಕದೆ, ಧೂಳಿಲ್ಲದ ಜಾಗದಲ್ಲಿ ಸ್ವಲ್ಪ ಹೊತ್ತು ಆರಲು ಬಿಡಬೇಕು. ಕರಾವಳಿ, ಮಲೆನಾಡಿನವರಿಗೆ ಜೆಲ್ ಮುಖ್ಯ. ರಾಯಚೂರು, ಕಲಬುರಗಿಯ ಕಡೆಯವರಿಗೆ ಧೂಳು ತಡೆಯುವ ಮುಚ್ಚಳ ಮುಖ್ಯ.

ಇಲ್ಲಿ ಪ್ರಾಂಶುಪಾಲರ, ಕಚೇರಿಯ ಆತಂಕವನ್ನು ತಳ್ಳಿಹಾಕಲಾರೆ. ಮೈಕು ಕಳೆದರೆ ಅಥವಾ ಒಡೆದರೆ ಲೆಕ್ಕ ತಪಾಸಣೆಯಲ್ಲಿ ಉತ್ತರ ಕೊಡಬೇಕಾದವರು ಅವರು. ಬೀಗದ ಕೈ ಹಿಡಿದ ಅಟೆಂಡರ್ ತನ್ನ ಸಂಬಳಕ್ಕೆ ಕತ್ತರಿ ಬಿದ್ದೀತೆಂದು ಅಂಜಿದರೆ ಅದು ಅವರ ತಪ್ಪಲ್ಲ. ಆದರೆ ದಾಸ್ತಾನು ವಹಿ ಕೇಳುವುದು ‘ವಸ್ತು ಇದೆಯೇ?’ ಎಂದು ಮಾತ್ರ. ‘ಅದು ಕೆಲಸ ಮಾಡುತ್ತಿದೆಯೇ?’ ಎಂದು ಅದು ಕೇಳುವುದಿಲ್ಲ. ಆ ಎರಡನೆಯ ಪ್ರಶ್ನೆಗೆ ಇನ್ನೊಂದು ವಹಿ ಬೇಕು.

‘ಈಗ ಮೊಬೈಲಿನಲ್ಲೇ ಮುದ್ರಿಸಬಹುದಲ್ಲ, ಮೈಕಿನ ಉಸಾಬರಿ ಏಕೆ?’ ಎಂದು ಕೆಲವು ಪ್ರಶಿಕ್ಷಣಾರ್ಥಿಗಳು ಕೇಳುತ್ತಾರೆ. ಅನೇಕ ಪಾಠಗಳಿಗೆ ಮೊಬೈಲು ಸಾಕು, ಒಪ್ಪುತ್ತೇನೆ. ಆದರೆ ಅದರ ಮೈಕಿನ ತೂತೂ ಜೇಬಿನ ಧೂಳಿಗೆ ಕಟ್ಟಿಕೊಳ್ಳುತ್ತದೆ. ಉಪಕರಣ ಬದಲಾದರೂ ಆರೈಕೆಯ ಪಾಠ ತಪ್ಪುವುದಿಲ್ಲ.

ನನ್ನ ಸಲಹೆ ಹೀಗಿದೆ. ವಾರಕ್ಕೆ ಇಬ್ಬರು ಪ್ರಶಿಕ್ಷಣಾರ್ಥಿಗಳಿಗೆ ಮೈಕಿನ ಪಾಳಿ ಕೊಡೋಣ. ಅವರು ಬಳಕೆಯ ವಹಿಯಲ್ಲಿ ನಾಲ್ಕು ಅಂಕಣ ತುಂಬಲಿ: ದಿನಾಂಕ, ಪಡೆದವರು ಮತ್ತು ಮರಳಿಸಿದವರು, ಜೆಲ್ಲಿನ ಬಣ್ಣ, ಪರೀಕ್ಷಾ ಮುದ್ರಣದ ಫಲ. ಪರೀಕ್ಷಾ ಮುದ್ರಣ ಎಂದರೆ ಪ್ರತಿ ವಾರ ಒಂದೇ ವಾಕ್ಯವನ್ನು ಒಂದೇ ದೂರದಿಂದ ಓದಿ ಮುದ್ರಿಸುವುದು. ನಾವು ‘ಶಾಲೆಯ ಸಾಲುಮರದ ಕೆಳಗೆ ಪಾಪು ಪುಸ್ತಕ ಓದಿತು’ ಎಂಬ ವಾಕ್ಯ ಇಟ್ಟುಕೊಂಡಿದ್ದೇವೆ; ಅದರಲ್ಲಿ ಸ, ಶ, ಪ ಮೂರೂ ಇವೆ. ಹಿಂದಿನ ವಾರದ ಮುದ್ರಣದ ಪಕ್ಕದಲ್ಲಿಟ್ಟು ಕೇಳಿದರೆ ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಓದುವವರು ಬದಲಾದರೆ ಹೋಲಿಕೆ ಕೆಡುತ್ತದೆ. ಆದ್ದರಿಂದ ಆ ವಾಕ್ಯವನ್ನು ವರ್ಷವಿಡೀ ಒಬ್ಬರೇ ಓದುವುದು ಒಳ್ಳೆಯದು. ಈ ಪಾಳಿಗೆ ಪಾಠೋಪಕರಣ ತಯಾರಿಕೆಯ ಆಂತರಿಕ ಅಂಕಗಳಲ್ಲಿ ಒಂದು ಪಾಲು ಇರಲಿ. ಕಪ್ಪುಹಲಗೆಯ ಬರವಣಿಗೆಗೆ ಅಂಕ ಕೊಡುವ ನಾವು ಇದಕ್ಕೆ ಕೊಡಲು ಹಿಂಜರಿಯಬೇಕಿಲ್ಲ.

1935ರಲ್ಲಿ ಮೈಸೂರಿನಲ್ಲಿ ಬಾನುಲಿ ಕೇಂದ್ರ ಆರಂಭಿಸಿದ ಎಂ.ವಿ. ಗೋಪಾಲಸ್ವಾಮಿ ಅವರು ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಮೇಷ್ಟ್ರು. ಕೇಂದ್ರವನ್ನು ತಮ್ಮ ಮನೆಯಲ್ಲೇ ನಡೆಸಿದರು. ಧ್ವನಿಯ ಉಪಕರಣ ತಂತ್ರಜ್ಞರ ಸೊತ್ತು, ನಮಗೆ ಸಂಬಂಧವಿಲ್ಲ ಎನ್ನುವ ಸಂಕೋಚ ಶಿಕ್ಷಕರಿಗೆ ಸಲ್ಲದು.

ನಮ್ಮ ಪ್ರಶಿಕ್ಷಣಾರ್ಥಿಗಳು ನಾಳೆ ಹೋಗುವ ಶಾಲೆಗಳಲ್ಲಿ ಬೀಗದ ಬೀರುಗಳಿರುತ್ತವೆ. ಅವುಗಳಲ್ಲಿ ಸೂಕ್ಷ್ಮದರ್ಶಕ, ಗೋಳ, ಸ್ಪೀಕರು ಭದ್ರವಾಗಿ ಕೆಡುತ್ತಿರುತ್ತವೆ. ಆ ಬೀರು ತೆರೆಯುವ ಧೈರ್ಯ, ತೆರೆದದ್ದನ್ನು ನೋಡಿಕೊಳ್ಳುವ ಶಿಸ್ತು ಎರಡನ್ನೂ ಅವರು ನಮ್ಮಲ್ಲೇ ಕಲಿಯಬೇಕು. ಈ ತಿಂಗಳ ಅಭ್ಯಾಸ ಬೋಧನೆಗೆ ಮುಂಚೆ ನಿಮ್ಮ ಕಾಲೇಜಿನ ಮೈಕನ್ನೊಮ್ಮೆ ಹೊರತೆಗೆದು, ಅದರ ಸ್ಪಂಜನ್ನು ಬೆರಳಿನಿಂದ ಮುಟ್ಟಿ ನೋಡಿ. ಅದು ಪುಡಿಯಾಗಿ ಉದುರಿದರೆ, ಮಕ್ಕಳ ಉಕ್ತಲೇಖನಕ್ಕೆ ಕೆಂಪು ಗೆರೆ ಎಳೆಯುವ ಮುನ್ನ ಸ್ವಲ್ಪ ತಡೆಯಿರಿ.