ಅವನು ಕಾಲೇಜು ಬಿಡಲಿಲ್ಲ, ಬಿಡಿಸಿದರು



ನಿಮ್ಮ ಹಾಸ್ಟೆಲ್ಲಿನಲ್ಲಿ ಖಾಲಿ ಮಂಚ ಎಷ್ಟಿವೆ, ಎಣಿಸಿದ್ದೀರಾ? ಮಳೆಗಾಲದಲ್ಲಿ ತಗಡಿನ ಟ್ರಂಕು ಹೊತ್ತು ಬಂದವನು ದೀಪಾವಳಿಗೆ ಅಂತ ಊರಿಗೆ ಹೋದ. ಹೋದವನು ಬರಲಿಲ್ಲ. ನಾವು ನಾಲ್ಕು ದಿನ ಫೋನು ಮಾಡಿದೆವು. ಐದನೇ ದಿನ ಅವನ ಮಂಚದ ಮೇಲೆ ನಮ್ಮ ಒದ್ದೆ ಬಟ್ಟೆ ಹರವಿದೆವು. ವಾರ್ಡನ್ ರಿಜಿಸ್ಟರಿನಲ್ಲಿ ಅವನ ಹೆಸರಿಗೆ ಕೆಂಪು ಗೀಟು ಎಳೆದರು. ಕಾಲೇಜಿನವರು 'ಡ್ರಾಪೌಟ್' ಅಂದರು. ಹಣ್ಣೆಲೆ ತಾನಾಗೇ ಉದುರಿತು ಅನ್ನೋ ಹಾಗೆ!

ನನ್ನ ರೂಮಿನಲ್ಲಿದ್ದವನೊಬ್ಬನ ಸಂಗತಿ ಹೇಳ್ತೀನಿ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಲೆಕ್ಕದಲ್ಲಿ ನಮ್ಮೆಲ್ಲರಿಗಿಂತ ಚುರುಕು. ಪಿಯುಸಿ ಸೈನ್ಸನ್ನು ಗೈಡು ಬಾಯಿಪಾಠ ಮಾಡಿ ದಾಟಿದ, ಬಿಎಸ್ಸಿಗೆ ಬಂದ. ಫಿಜಿಕ್ಸ್ ಮೇಷ್ಟ್ರು ಬೋರ್ಡಿಗೆ ಮುಖ ಮಾಡಿ 'ಈಕ್ವಿಲಿಬ್ರಿಯಂ' ಅಂತ ಬರೆದು ಮುಂದಕ್ಕೆ ಹೋದರು. ಸಮತೋಲನ ಅಂತ ಒಂದು ಸಲ ಅಂದಿದ್ದರೆ ಸಾಕಿತ್ತು. ಅವನವ್ವ ಸಂತೆಯಲ್ಲಿ ತಕ್ಕಡಿ ಹಿಡಿದು ಟೊಮೇಟೊ ಮಾರೋಳು. ಅದನ್ನವನು ಮೇಷ್ಟ್ರಿಗೇ ವಿವರಿಸಿ ಹೇಳುತ್ತಿದ್ದ. ಅರ್ಧ ನಿಮಿಷದ ಕೆಲಸ. ಆ ಅರ್ಧ ನಿಮಿಷ ಯಾರೂ ಕೊಡಲಿಲ್ಲ.

ಮೊದಲ ಇಂಟರ್ನಲ್ಸಿನಲ್ಲಿ 20ಕ್ಕೆ 4 ಬಂತು. ಪೇಪರು ಕೈಗೆ ಬರಲಿಲ್ಲ, ನೋಟಿಸ್ ಬೋರ್ಡಿನಲ್ಲಿ ಅಂಕ ಮಾತ್ರ. ಎಲ್ಲಿ ತಪ್ಪಿದೆ ಅಂತ ತೋರಿಸದೆ ಹೋದರೆ ಹುಡುಗ ತಿದ್ದಿಕೊಳ್ಳೋದು ಏನನ್ನ? ಉತ್ತರ ತಪ್ಪು ಅಂತ ಅವನು ತಿಳಿಯಲಿಲ್ಲ, ತಾನೇ ತಪ್ಪು ಅಂತ ತಿಳಿದ. ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಹೋದ. ಸ್ಕಾಲರ್‌ಶಿಪ್ ಅರ್ಜಿ, ಆಧಾರಿನಲ್ಲಿ ಒಂದು ಹೆಸರು ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಹೆಸರು ಅಂತ ನಿಂತುಹೋಯಿತು. ಶುಕ್ರವಾರ ಶನಿವಾರ ಗಾರೆ ಕೆಲಸಕ್ಕೆ ಹೋಗತೊಡಗಿದ. 75 ಪರ್ಸೆಂಟ್ ಹಾಜರಿ ಇಲ್ಲ ಅಂತ ಶಾರ್ಟೇಜ್ ಲಿಸ್ಟಿನಲ್ಲಿ ಹೆಸರು ಬಂತು. ಆ ಕಾಲೇಜು ಅವನ ಹೆಸರನ್ನು ಗುರುತಿಸಿ ಬರೆದದ್ದು ಅದೊಂದೇ ಸಲ. ಈಗ ಹೇಳಿ, ಇದರಲ್ಲಿ ಅವನು 'ಬಿಟ್ಟ' ಜಾಗ ಯಾವುದು?

ಇದು ಒಬ್ಬನ ಗೋಳಲ್ಲ. 2023ರ ಡಿಸೆಂಬರಿನಲ್ಲಿ ಸರ್ಕಾರ ತಾನೇ ಲೋಕಸಭೆಗೆ ಲೆಕ್ಕ ಕೊಟ್ಟಿತು. ಅದರ ಹಿಂದಿನ ಐದು ವರ್ಷದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ, ಐಐಟಿ, ಐಐಎಂಗಳಿಂದ ಹೊರಬಿದ್ದ ಎಸ್ಸಿ, ಎಸ್ಟಿ, ಒಬಿಸಿ ವಿದ್ಯಾರ್ಥಿಗಳು 13,626. ಇವರಿಗೆ ಬೇರೆ ಬೇರೆ ಅವಕಾಶಗಳಿರುತ್ತವೆ, ಅದಕ್ಕೇ ಹೋಗ್ತಾರೆ ಅಂತ ಮಂತ್ರಿಗಳ ಸಮಜಾಯಿಷಿ. ಗಾರೆ ಕೆಲಸವೂ ಒಂದು ಅವಕಾಶವೇ ಇರಬೇಕು! ಇದಾದರೂ ದೊಡ್ಡ ಮನೆಗಳ ಲೆಕ್ಕ. ನಮ್ಮ ತಾಲ್ಲೂಕಿನ ಡಿಗ್ರಿ ಕಾಲೇಜಿನ ಖಾಲಿ ಮಂಚಗಳನ್ನು ಯಾವ ಸಭೆಯಲ್ಲಿ ಯಾರು ಓದಿದರು?

ಬಾಬಾಸಾಹೇಬರು ಓದಿದ್ದರು. 1927ರ ಮಾರ್ಚಿನಲ್ಲಿ ಮುಂಬಯಿ ಶಾಸನ ಸಭೆಯಲ್ಲಿ ಶಿಕ್ಷಣದ ಅನುದಾನದ ಚರ್ಚೆ. ಎಷ್ಟು ಮಕ್ಕಳು ಶಾಲೆಗೆ ಸೇರಿದರು ಅನ್ನೋದರಲ್ಲೇ ಅವರು ನಿಲ್ಲಲಿಲ್ಲ, ಎಷ್ಟು ಮಕ್ಕಳು ಉಳಿದರು ಅಂತ ಕೇಳಿದರು. ಒಂದನೇ ತರಗತಿಗೆ ಬಂದ ನೂರರಲ್ಲಿ ನಾಲ್ಕನೇ ತರಗತಿ ಮುಟ್ಟುವುದು 18 ಮಾತ್ರ, ಮಿಕ್ಕ 82 ಮಕ್ಕಳು ಮತ್ತೆ ಅನಕ್ಷರತೆಗೇ ಬೀಳುತ್ತಾರೆ ಅಂತ ಅಂಕಿ ಇಟ್ಟರು. ಸೇರಿಸಿಕೊಂಡು ಕೈಬಿಟ್ಟರೆ ಆ ದುಡ್ಡೆಲ್ಲ ನೀರಿನಲ್ಲಿ ಮಾಡಿದ ಹೋಮ. ನೂರು ವರ್ಷವಾಗುತ್ತಾ ಬಂತು, ನಾಲ್ಕನೇ ತರಗತಿಯ ಬಾಗಿಲು ಈಗ ಡಿಗ್ರಿಯ ಮೊದಲ ಸೆಮಿಸ್ಟರಿನ ಬಾಗಿಲಿಗೆ ಬಂದು ನಿಂತಿದೆ.

'ಅವರಿಗೆ ಮೆರಿಟ್ ಇಲ್ಲ' ಅನ್ನುವವರಿಗೆ ಒಂದು ಮಾತು. ದೆಹಲಿಯ ಏಮ್ಸ್ ಆಸ್ಪತ್ರೆಯ ಕಾಲೇಜು ಸೇರಿದ ಹುಡುಗರು ಓದು ಬಾರದವರಾ? 2007ರಲ್ಲಿ ಥೋರಟ್ ಸಮಿತಿ ಅಲ್ಲಿಯ ಎಸ್ಸಿ ಎಸ್ಟಿ ವಿದ್ಯಾರ್ಥಿಗಳನ್ನು ಕೂರಿಸಿ ಕೇಳಿತು. ನೂರಕ್ಕೆ ಸುಮಾರು 69 ಮಂದಿ, ಮೇಷ್ಟ್ರುಗಳಿಂದ ನಮಗೆ ಸಾಕಷ್ಟು ಬೆಂಬಲ ಸಿಗ್ತಿಲ್ಲ ಅಂದರು. 2015ರಲ್ಲಿ ರೂರ್ಕಿ ಐಐಟಿ 70ಕ್ಕೂ ಹೆಚ್ಚು ಮೊದಲ ವರ್ಷದ ಹುಡುಗರನ್ನು ಅಂಕ ಕಡಿಮೆ ಅಂತ ಹೊರಗೆ ಹಾಕಿತು. ಬಹುಪಾಲು ನಮ್ಮವರೇ. ಗಲಾಟೆಯಾದ ಮೇಲೆ ವಾಪಸ್ ತೆಗೆದುಕೊಂಡರು. ಹಾಗಾದರೆ ಇನ್ನೊಂದು ಅವಕಾಶ ಕೊಡೋದು ಮೊದಲೇ ಸಾಧ್ಯವಿತ್ತು ಅಂತಾಯಿತಲ್ಲ? ವರ್ಷವಿಡೀ ಕಲಿಸೋಕೆ ಆಗದ್ದು, ಒಂದೇ ಆರ್ಡರಿನಲ್ಲಿ ಹೊರಗೆ ಹಾಕೋಕೆ ಆಗುತ್ತೆ.

ಕಲಿಸೋದು ಅಂದರೆ ಏನು ಅಂತ ನಮ್ಮ ಕಾಲೇಜುಗಳಿಗೆ ಗೊತ್ತಿಲ್ಲ ಅಂತಲ್ಲ. ಕಾಗದದಲ್ಲಿ ಎಲ್ಲಾ ಇದೆ. ಮೆಂಟರ್ ಡೈರಿ ಇದೆ, ನ್ಯಾಕ್ ತಂಡ ಬರೋ ಹಿಂದಿನ ವಾರ ಅದಕ್ಕೆ ನಮ್ಮ ಕೈಲಿ ಹಳೇ ತಾರೀಕು ಹಾಕಿಸಿ ಸಹಿ ಮಾಡಿಸುತ್ತಾರೆ. ನಾನೂ ಮಾಡಿದೀನಿ, ಸುಳ್ಳು ಯಾಕೆ. ನನ್ನ ಮೆಂಟರ್ ಯಾರು ಅಂತ ನನಗೆ ಗೊತ್ತಾದದ್ದು ಆವತ್ತೇ. ರೆಮಿಡಿಯಲ್ ಕ್ಲಾಸೂ ಇತ್ತು. 'ಎಸ್ಸಿ ಎಸ್ಟಿ ವಿದ್ಯಾರ್ಥಿಗಳು ಸಂಜೆ 4ಕ್ಕೆ ರೂಂ ನಂಬರ್ 7ಕ್ಕೆ ಬರತಕ್ಕದ್ದು' ಅಂತ ಎಲ್ಲರ ಕಣ್ಣೆದುರಿಗೆ ಬೋರ್ಡಿಗೆ ಅಂಟಿಸಿದರು. ಊರಲ್ಲಿ ಕೇರಿ ಬೇರೆ, ಕಾಲೇಜಿನಲ್ಲಿ ರೂಂ ನಂಬರ್ 7 ಬೇರೆ. ಯಾರು ಹೋಗ್ತಾರೆ? ಹೋಗದಿದ್ದರೆ, 'ನೋಡ್ರಿ, ಅವಕಾಶ ಕೊಟ್ರೂ ಬರಲ್ಲ ಇವ್ರು'!

ಮೇಷ್ಟ್ರುಗಳನ್ನೆಲ್ಲ ಒಂದೇ ಗಾಡಿಗೆ ಕಟ್ಟಿ ಬಯ್ಯೋದು ನನ್ನ ಉದ್ದೇಶವಲ್ಲ. ಭದ್ರಾವತಿಯಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಬಿ. ಕೃಷ್ಣಪ್ಪನವರೂ ಕಾಲೇಜು ಮೇಷ್ಟ್ರೇ. ಇವತ್ತು ಸರ್ಕಾರಿ ಡಿಗ್ರಿ ಕಾಲೇಜುಗಳ ಪಾಠದ ಹೊರೆಯನ್ನು ಹೊತ್ತಿರುವವರು ಹತ್ತು ಸಾವಿರಕ್ಕೂ ಮಿಕ್ಕಿದ ಅತಿಥಿ ಉಪನ್ಯಾಸಕರು. 2023ರ ನವೆಂಬರಿನಲ್ಲಿ ಅವರು ಮುಷ್ಕರ ಹೂಡಿದಾಗ ವಾರಗಟ್ಟಲೆ ಕ್ಲಾಸುಗಳೇ ನಡೆಯಲಿಲ್ಲ. ನಾಳೆ ತನ್ನ ಕೆಲಸ ಇರುತ್ತೋ ಇಲ್ಲವೋ ಗೊತ್ತಿಲ್ಲದವನು ನಿನ್ನ ಪೇಪರನ್ನು ಕೂತು ತಿದ್ದಿ, ಕರೆದು ಮಾತಾಡಲಿ ಅಂದರೆ ಹೇಗೆ? ಅವರ ಹೋರಾಟ ನಮ್ಮದೂ ಹೌದು. ಆದರೆ ಕಾಯಂ ಸಂಬಳ ಎಣಿಸುತ್ತಾ, ಇಪ್ಪತ್ತು ವರ್ಷದ ಹಳೇ ನೋಟ್ಸನ್ನು ಉಕ್ತಲೇಖನ ಕೊಟ್ಟು ಎದ್ದು ಹೋಗುವವರಿಗೆ ಈ ವಿನಾಯಿತಿ ಇಲ್ಲ.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಇದಕ್ಕೊಂದು ಔಷಧ ಹುಡುಕಿತು. ಒಂದು ವರ್ಷಕ್ಕೆ ಬಿಟ್ಟರೆ ಸರ್ಟಿಫಿಕೇಟು, ಎರಡು ವರ್ಷಕ್ಕೆ ಬಿಟ್ಟರೆ ಡಿಪ್ಲೊಮಾ! ಮುಳುಗುವವನಿಗೆ ಹಗ್ಗ ಎಸೆಯೋದು ಬಿಟ್ಟು, ಎಷ್ಟು ಆಳಕ್ಕೆ ಮುಳುಗಿದ ಅಂತ ಬರೆದುಕೊಡುವ ಔಷಧ. ಕರ್ನಾಟಕ 2024ರಲ್ಲಿ ಮೂರು ವರ್ಷದ ಡಿಗ್ರಿಗೆ ವಾಪಸ್ ಬಂತು, ಒಳ್ಳೇದೇ. ಆದರೆ ಕ್ಲಾಸಿನೊಳಗೆ ಏನು ಬದಲಾಯಿತು?

ಈಗ ನಮ್ಮ ಕಡೆಗೆ ಬರೋಣ. 1973ರಲ್ಲಿ ಬಸವಲಿಂಗಪ್ಪನವರ ಬೂಸಾ ಮಾತಿಗೆ ಗಲಾಟೆಯಾದಾಗ ದಲಿತ ವಿದ್ಯಾರ್ಥಿಗಳು ಏಟು ತಿಂದರು. ಆ ಏಟಿನಿಂದ ಎದ್ದ ಚಳವಳಿ ನಮ್ಮದು. ಸೀಟಿಗೆ ಹೋರಾಡಿದೆವು, ಹಾಸ್ಟೆಲ್ಲಿಗೆ ಹೋರಾಡಿದೆವು, ಸಾರಿನಲ್ಲಿ ಬೇಳೆ ಇಲ್ಲ ಅಂತ ತಟ್ಟೆ ಹಿಡಿದು ಬೀದಿಗೆ ಬಂದೆವು. ಪರಿಶಿಷ್ಟರ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ 1944ರಿಂದ ಇದೆ. 2021ರ ನಿಯಮದಲ್ಲಿ ಹಾಸ್ಟೆಲ್ಲಿನಲ್ಲಿದ್ದು ಬಿಎ, ಬಿಎಸ್ಸಿ ಓದುವವನಿಗೆ ನಿರ್ವಹಣೆಗೆ ವರ್ಷಕ್ಕೆ 6,000 ರೂಪಾಯಿ, ಅಂದರೆ ತಿಂಗಳಿಗೆ 500. ಅದಕ್ಕೂ ಅರ್ಜಿ ಹಿಡಿದು ಅಲೆದೆವು. ಎಲ್ಲಾ ಸರಿ. ಆದರೆ 'ನಮಗೆ ಪಾಠ ಸರಿಯಾಗಿ ಹೇಳಿಕೊಡಿ' ಅಂತ ಒಂದು ದಿನವಾದರೂ ಧರಣಿ ಕೂತೆವಾ? ಅನ್ನಕ್ಕೆ ಕೇಳಿದಷ್ಟು ಗಟ್ಟಿಯಾಗಿ ಅಕ್ಷರಕ್ಕೆ ಕೇಳಲಿಲ್ಲ. ಪಾಠ ಅರ್ಥವಾಗಲಿಲ್ಲ ಅನ್ನೋದು ನಮ್ಮ ಗುಟ್ಟು, ನಮ್ಮ ನಾಚಿಕೆ ಅಂತ ಮುಚ್ಚಿಟ್ಟುಕೊಂಡೆವು. ಜಯಂತಿಗೆ ಫ್ಲೆಕ್ಸ್ ಕಟ್ಟೋಕೆ ಇದ್ದ ಕೈಗಳು, ಜೂನಿಯರ್ ಹುಡುಗನಿಗೆ ಒಂದು ಅಧ್ಯಾಯ ಹೇಳಿಕೊಡೋಕೆ ಸಿಗಲಿಲ್ಲ. ನಾನು ಕವಿಗೋಷ್ಠಿಗೆ ಹೋಗಿ ಪದ್ಯ ಓದಿ ಚಪ್ಪಾಳೆ ತಗೊಂಡು ಬಂದ ರಾತ್ರಿಯೇ ನನ್ನ ರೂಮಿನವನು ಟ್ರಂಕಿಗೆ ಬೀಗ ಹಾಕಿದ್ದು.

1946ರಲ್ಲಿ ಬಾಬಾಸಾಹೇಬರು ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆದಾಗ, ದುಡಿದು ಓದುವ ಹುಡುಗರಿಗಾಗಿ ಬೆಳಿಗ್ಗೆಯೇ ಕ್ಲಾಸು ಇಟ್ಟರು. ಹುಡುಗ ಕಾಲೇಜಿಗೆ ಹೊಂದಿಕೊಳ್ಳಲಿ ಅಂತ ಕಾಯದೆ, ಕಾಲೇಜನ್ನೇ ಹುಡುಗನ ಹೊತ್ತಿಗೆ ತಿರುಗಿಸಿದರು. ನಾವು ಕೇಳಬೇಕಾದದ್ದೂ ಇಂಥದ್ದನ್ನೇ. ಇಂಟರ್ನಲ್ಸ್ ಪೇಪರನ್ನು ಹತ್ತು ದಿನದೊಳಗೆ ತಿದ್ದಿ, ತಪ್ಪು ಎಲ್ಲಿ ಅಂತ ಬರೆದು, ಕೈಗೆ ಕೊಡಬೇಕು. ಮೊದಲ ಸೆಮಿಸ್ಟರಿನಲ್ಲಿ ಪ್ರತಿ ಹೊಸ ಇಂಗ್ಲಿಷ್ ಪದಕ್ಕೆ ಪಕ್ಕದಲ್ಲೇ ಕನ್ನಡ ಬರೆಯಬೇಕು. ಬಲವರ್ಧನೆ ಕ್ಲಾಸು ಇಡೀ ತರಗತಿಗೆ, ಟೈಮ್‌ಟೇಬಲಿನ ಒಳಗೇ ಇರಬೇಕು, ಜಾತಿ ಹೆಸರಿನ ನೋಟಿಸು ಅಂಟಿಸಕೂಡದು. ಹಾಜರಿ ಒಂದು ವಾರ ಬೀಳುತ್ತಿದ್ದ ಹಾಗೆ ಕರೆದು 'ಯಾಕಪ್ಪಾ ಬರಲಿಲ್ಲ' ಅಂತ ಕೇಳಬೇಕು. ಸೆಮಿಸ್ಟರ್ ಕೊನೆಗೆ ಲಿಸ್ಟ್ ಅಂಟಿಸೋಕೆ ಮೇಷ್ಟ್ರು ಯಾಕೆ ಬೇಕು, ಗುಮಾಸ್ತ ಸಾಕು.

ಅವರು ಕೊಡೋವರೆಗೆ ನಾವು ಕೈಕಟ್ಟಿ ಕೂರೋದು ಬೇಡ. ಬರುವ ಭಾನುವಾರ ರಾತ್ರಿ ಊಟವಾದ ಮೇಲೆ ಹಾಸ್ಟೆಲ್ಲಿನ ಊಟದ ಹಾಲಿನಲ್ಲೇ ಕೂರೋಣ. ಫೈನಲ್ ಇಯರಿನವರು ಒಬ್ಬೊಬ್ಬರು ಇಬ್ಬರು ಜೂನಿಯರ್‌ಗಳನ್ನು ಹಿಡಿಯಬೇಕು, ನಾನೂ ಕನ್ನಡ, ಇತಿಹಾಸಕ್ಕೆ ಬರ್ತೀನಿ. ಇಂಟರ್ನಲ್ಸ್ ಪೇಪರು ವಾಪಸ್ ಸಿಗದವರು ವಿಷಯ, ಪರೀಕ್ಷೆಯ ತಾರೀಕು ಬರೆದ ಚೀಟಿ ತನ್ನಿ, ಸೋಮವಾರ ಎಲ್ಲಾ ಚೀಟಿ ಸೇರಿಸಿ ಪ್ರಿನ್ಸಿಪಾಲರ ಮೇಜಿನ ಮೇಲೆ ಇಡೋಣ. ನಿಮ್ಮ ರೂಮಿನ ಖಾಲಿ ಮಂಚದವನ ಫೋನ್ ನಂಬರ್ ಇನ್ನೂ ಇದ್ದರೆ ಅದನ್ನೂ ಬರೆದು ತನ್ನಿ.