ಚುಕ್ಕಿಗಳ ಸಾಲು

ಮಕ್ಕಳೇ, ಶ್ರೀಲಿಪಿ ತಂತ್ರಾಂಶ ಹುಟ್ಟಿದ್ದು ನಮ್ಮ ಪುಣೆಯಲ್ಲೇ. ಆದರೂ ಸಂಘದ ಸಂಚಿಕೆಯ ಪರಿವಿಡಿಗೆ ನೀವು ಚುಕ್ಕಿಯ ಕೀಲಿಯನ್ನು ಒತ್ತುತ್ತಲೇ ಕೂತಿರಿ! (ನಾನೂ ಮೊದಲು ಹಾಗೆ ಮಾಡಿದವಳೇ.) ಒಂದು ಶೀರ್ಷಿಕೆ ತಿದ್ದಿದ್ದೇ ತಡ, ಸಾಲು ಉದ್ದವಾಗಿ ಪುಟಸಂಖ್ಯೆ ಕೆಳಗಿಳಿಯಿತು. ಅಜ್ಜಿಯೊಬ್ಬರು ಚುಕ್ಕಿಗಳ ಮೇಲೆ ಬೆರಳಾಡಿಸುತ್ತಾ ಹೋಗಿ, ತಮ್ಮ ಕವನದ ಬದಲು ಜಾಹೀರಾತಿನ ಪುಟ ತೆರೆದರು. ಅವರ ಮುಖ ನೋಡಲಾಗಲಿಲ್ಲ.

ಶೀರ್ಷಿಕೆಗೂ ಅಂಕಿಗೂ ನಡುವೆ ಒಂದೇ ಒಂದು ಟ್ಯಾಬ್ ಸಾಕು. ಇನ್‌ಡಿಸೈನ್‌ನಲ್ಲಿ ಸಾಲುಗಳನ್ನೆಲ್ಲ ಆರಿಸಿಕೊಂಡು, ಟೈಪ್ ಮೆನುವಿನಲ್ಲಿ ಟ್ಯಾಬ್ಸ್ ತೆರೆಯಿರಿ. ಬಲಕ್ಕೆ ಹೊಂದಿಸುವ ಬಾಣ ಆರಿಸಿ, ಅಂಕಿ ನಿಲ್ಲಬೇಕಾದ ಕಡೆ ರೂಲರಿನ ಮೇಲೆ ಒತ್ತಿ, ಲೀಡರ್ ಎಂಬಲ್ಲಿ ಚುಕ್ಕಿಯಿಟ್ಟು ಎಂಟರ್ ಕೊಡಿ. ಚುಕ್ಕಿಯ ಜೊತೆ ಒಂದು ಸ್ಪೇಸ್ ಸೇರಿಸಿದರೆ ಕಣ್ಣಿಗೆ ಇನ್ನೂ ಹಿತ. ಇನ್ನು ಶೀರ್ಷಿಕೆ ಎಷ್ಟೇ ಬೆಳೆಯಲಿ, ಸಾಲಿನಲ್ಲಿ ಜಾಗವಿರುವ ತನಕ ಅಂಕಿ ಕದಲದು.

ಅಚ್ಚಿಗೆ ಕಳಿಸುವ ಮುನ್ನ ಪರಿವಿಡಿಯನ್ನು ಆ ಅಜ್ಜಿಗೊಮ್ಮೆ ತೋರಿಸಿ.